ಬಂಡಿಜಾಡು ಯಾರದು?

ಹೊಲದಂಚಿನ ಬಂಡಿಜಾಡಿನ ವ್ಯಾಜ್ಯವನ್ನು ಕಾಣದ ಹಳ್ಳಿ ನಮ್ಮಲ್ಲಿ ವಿರಳ. ಅಜ್ಜನ ಕಾಲದಿಂದ ಇಲ್ಲಿಯೇ ಗಾಡಿ ಹೊಡೆದಿದ್ದೇವೆಂದು ಒಬ್ಬನ ವಾದ. ಪೈರು ಹಾಳಾಗುತ್ತಿದೆಯೆಂದು ಇನ್ನೊಬ್ಬನ ದೂರು. ಇದನ್ನೇ ಹೋಲುವ ವ್ಯಾಜ್ಯವೊಂದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಮರಳುದಿಣ್ಣೆಗಳ ಮೇಲೆ ಓಡುವ ಜೀಪು, ಬೈಕುಗಳನ್ನು ನೋಡಿರಬಹುದು. ಆ ಓಡಾಟದ ಹಕ್ಕು ಎಲ್ಲಿಂದ ಬಂತು, ಅದಕ್ಕೆ ಕಟ್ಟುಪಾಡು ಹೇಗೆ ಒದಗಿತು ಎಂಬುದೇ ಈ ಲೇಖನದ ವಸ್ತು.

ಕಥೆಯ ಮೂಲವಿರುವುದು ಮೋಟಾರು ಹುಟ್ಟುವ ಮೊದಲೇ. ಅಮೆರಿಕದ ಸಂಸತ್ತು 1866ರಲ್ಲಿ ಗಣಿಗಾರಿಕೆಗೆ ಸಂಬಂಧಿಸಿದ ಒಂದು ಕಾನೂನು ಮಾಡಿತು. ಬೇರೆ ಉದ್ದೇಶಕ್ಕೆ ಕಾದಿರಿಸದ ಸರ್ಕಾರಿ ಭೂಮಿಯಲ್ಲಿ ಹೆದ್ದಾರಿ ನಿರ್ಮಿಸಲು ದಾರಿಯ ಹಕ್ಕನ್ನು ಅದರ ಒಂದು ಸಣ್ಣ ವಿಧಿ ಕೊಟ್ಟಿತು. ಆಗ ಪಶ್ಚಿಮಕ್ಕೆ ವಲಸೆಗಾರರು ಬೇಕಿತ್ತು, ವಲಸೆಗಾರರಿಗೆ ದಾರಿ ಬೇಕಿತ್ತು. ಸಿಯೆರಾ ನೆವಾಡ ಪರ್ವತದ ರುಬಿಕಾನ್ ಹಾದಿಯನ್ನು 1887ರಲ್ಲಿ ಎಲ್ ಡೊರಾಡೊ ಕೌಂಟಿಯ ಆಡಳಿತ ಸಾರ್ವಜನಿಕ ದಾರಿಯೆಂದು ಘೋಷಿಸಿತು. ಮಹಾಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳು ಜನಸಾಮಾನ್ಯರ ಕೈಗೆ ಬಂದವು. 1953ರಲ್ಲಿ ಅದೇ ಹಾದಿಯಲ್ಲಿ ಜೀಪುಗಳ ಮೊದಲ ಸಾಮೂಹಿಕ ಯಾತ್ರೆ ನಡೆಯಿತು. ಕುದುರೆಗಾಡಿಯ ಹಕ್ಕು ಹೀಗೆ ಸದ್ದಿಲ್ಲದೆ ಮೋಟಾರಿನ ಹಕ್ಕಾಯಿತು.

ಅನಂತರ ಬಂದವು ಅಗ್ಗದ ಮೋಟಾರ್‌ಸೈಕಲ್ಲುಗಳು. 1967ರಲ್ಲಿ ಬಾರ್ಸ್ಟೊ ಪಟ್ಟಣದಿಂದ ಲಾಸ್ ವೇಗಸ್ಸಿನವರೆಗೆ ಮೊಹಾವಿ ಮರುಭೂಮಿಯಲ್ಲಿ ಒಂದು ಸ್ಪರ್ಧೆ ಆರಂಭವಾಯಿತು. 1974ರಲ್ಲಿ ಸುಮಾರು 3,000 ಸವಾರರು ಅದರಲ್ಲಿ ಧೂಳೆಬ್ಬಿಸಿದರು. ಮರುಭೂಮಿಯೆಂದರೆ ಬರಡು, ಅಲ್ಲಿ ಹಾಳಾಗಲು ಏನಿದೆ ಎಂದು ಕೇಳಬಹುದು. 1942ರಿಂದ ಜನರಲ್ ಪ್ಯಾಟನ್ ಸ್ಥಾಪಿಸಿದ ತರಬೇತಿ ಕೇಂದ್ರದ ಟ್ಯಾಂಕುಗಳು ಅಲ್ಲಿ ಮೂಡಿಸಿದ ಗುರುತುಗಳು ದಶಕಗಳು ಉರುಳಿದರೂ ಅಳಿಸಿಹೋಗಲಿಲ್ಲ. ಮಳೆ ಕಡಿಮೆಯಾದ ನೆಲದಲ್ಲಿ ಗಾಯ ಮಾಯುವುದು ನಿಧಾನ. 1975ರಲ್ಲಿ ಸ್ಪರ್ಧೆಗೆ ಪರವಾನಗಿ ಸಿಗಲಿಲ್ಲ. 1983ರಲ್ಲಿ ಅದು ಮತ್ತೆ ಆರಂಭವಾಗಿ 1989ಕ್ಕೆ ಕೊನೆಗೊಂಡಿತು. ಮರುವರ್ಷವೇ ಅಲ್ಲಿನ ಮರುಭೂಮಿ ಆಮೆ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಈ ತಿಕ್ಕಾಟದ ನಡುವೆ ಕ್ಯಾಲಿಫೋರ್ನಿಯ ಕಂಡುಕೊಂಡ ಉಪಾಯ ಗಮನಾರ್ಹವಾದುದು. ರಿಪಬ್ಲಿಕನ್ ಪಕ್ಷದ ಜೀನ್ ಚ್ಯಾಪಿ, ಡೆಮಾಕ್ರಟಿಕ್ ಪಕ್ಷದ ಎಡ್ವಿನ್ ಝ್‌ಬರ್ಗ್ ಎಂಬ ಇಬ್ಬರು ಶಾಸಕರ ಹೆಸರಿನಲ್ಲಿ 1971ರಲ್ಲಿ ಒಂದು ಕಾನೂನು ಬಂತು. ಚ್ಯಾಪಿ ಸವಾರರ ಪರ, ಝ್‌ಬರ್ಗ್ ಪರಿಸರದ ಪರ. ಇಬ್ಬರೂ ಕಲೆತು ಕಂಡ ಸತ್ಯ ಸರಳವಾಗಿತ್ತು: ಓಡಿಸಲು ಜಾಗವೇ ಇಲ್ಲದಿದ್ದರೆ ಸವಾರರು ಕಂಡಕಂಡಲ್ಲಿ ಓಡಿಸುತ್ತಾರೆ. ಆದ್ದರಿಂದ ಅವರಿಗೆಂದೇ ಜಾಗ ಗುರುತಿಸಬೇಕು; ವೆಚ್ಚವನ್ನು ಅವರ ನೋಂದಣಿ ಶುಲ್ಕದಿಂದಲೂ ಅವರು ತೆರುವ ಇಂಧನ ತೆರಿಗೆಯ ಪಾಲಿನಿಂದಲೂ ಭರಿಸಬೇಕು. ಹಾಲಿಸ್ಟರ್ ಹಿಲ್ಸ್, ಹಂಗ್ರಿ ವ್ಯಾಲಿ ಮುಂತಾದ ರಾಜ್ಯ ವಾಹನ ಉದ್ಯಾನಗಳು ಈ ವ್ಯವಸ್ಥೆಯ ಫಲ. 2017ರಲ್ಲಿ ಈ ಕಾರ್ಯಕ್ರಮವನ್ನು ಕಾಯಂಗೊಳಿಸಲಾಯಿತು.

ಕೇಂದ್ರ ಸರ್ಕಾರವೂ ಸುಮ್ಮನಿರಲಿಲ್ಲ. ಇಂಥ ವಾಹನಗಳು ದೇಶದಲ್ಲಿ ಸುಮಾರು 50 ಲಕ್ಷ ಇವೆಯೆಂಬ ಅಂದಾಜಿನೊಡನೆ ಅಧ್ಯಕ್ಷ ನಿಕ್ಸನ್ 1972ರ ಫೆಬ್ರುವರಿಯಲ್ಲಿ ಒಂದು ಆದೇಶ ಹೊರಡಿಸಿದರು. ಮಣ್ಣು, ಸಸ್ಯ, ವನ್ಯಜೀವಿಗಳಿಗೆ ಹಾನಿ ಕನಿಷ್ಠವಾಗುವಂತೆ ವಾಹನಗಳಿಗೆ ಜಾಗ ಗೊತ್ತುಪಡಿಸಬೇಕೆಂದು ಅದು ವಿಧಿಸಿತು. ತೀವ್ರ ಹಾನಿ ಕಂಡಲ್ಲಿ ಕೂಡಲೇ ಮುಚ್ಚಬೇಕೆಂದು 1977ರಲ್ಲಿ ಅಧ್ಯಕ್ಷ ಕಾರ್ಟರ್ ಸೇರಿಸಿದರು. ನಿಜವಾದ ತಿರುವು ಬಂದದ್ದು 2005ರಲ್ಲಿ. ರಾಷ್ಟ್ರೀಯ ಅರಣ್ಯಗಳ ಇಲಾಖೆ ಹೊಸ ನಿಯಮ ತಂದು, ಪ್ರತಿ ಅರಣ್ಯವೂ ವಾಹನ ಸಂಚಾರದ ನಕ್ಷೆ ಪ್ರಕಟಿಸಬೇಕೆಂದಿತು. ಅಲ್ಲಿಯವರೆಗೆ ಅನೇಕ ಕಡೆ ಮುಚ್ಚಿಲ್ಲದ ದಾರಿಯೆಲ್ಲ ತೆರೆದದ್ದೇ ಆಗಿತ್ತು. ಆಮೇಲೆ ನಕ್ಷೆಯಲ್ಲಿ ತೋರಿಸದ ದಾರಿಯೆಲ್ಲ ಮುಚ್ಚಿದಂತಾಯಿತು. ಕಾನೂನಿನ ಭಾಷೆಯಲ್ಲಿ ಇದು ಸಣ್ಣ ವ್ಯತ್ಯಾಸ, ನೆಲದ ಮೇಲೆ ಬಹು ದೊಡ್ಡದು.

ವ್ಯಾಜ್ಯವಂತೂ ನಿಂತಿಲ್ಲ. 1866ರ ವಿಧಿ 1976ರಲ್ಲಿ ರದ್ದಾದರೂ ಅದುವರೆಗೆ ಪಡೆದ ಹಕ್ಕುಗಳು ಉಳಿದವು. ಅವನ್ನೇ ಹಿಡಿದು ಯೂಟಾ ರಾಜ್ಯ 2012ರಲ್ಲಿ 12,000ಕ್ಕೂ ಹೆಚ್ಚು ದಾರಿಗಳಿಗಾಗಿ ದಾವೆ ಹೂಡಿತು. ಓಶಿಯಾನೊ ಮರಳುದಿಣ್ಣೆಗಳಲ್ಲಿ ವಾಹನ ಸವಾರಿಯನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಕ್ಯಾಲಿಫೋರ್ನಿಯದ ಕರಾವಳಿ ಆಯೋಗ 2021ರಲ್ಲಿ ತೀರ್ಮಾನಿಸಿತು. ದಿಣ್ಣೆಗಳಿಂದೇಳುವ ಧೂಳು ಅಕ್ಕಪಕ್ಕದ ಊರಿನವರ ದೂರು. ಸವಾರಿ ಅಲ್ಲಿಗೆ ಬರುವ ಕುಟುಂಬಗಳ ರೂಢಿ. 2023ರಲ್ಲಿ ನ್ಯಾಯಾಲಯವು ಆಯೋಗ ತನ್ನ ಅಧಿಕಾರ ಮೀರಿತೆಂದು ಹೇಳಿತು.

ಎಲ್ಲರದೂ ಆದ ನೆಲಕ್ಕೆ ಹೇಳುವವರು ಕೇಳುವವರು ಇಲ್ಲದಿದ್ದರೆ ಅದು ಯಾರದೂ ಅಲ್ಲದಂತಾಗುತ್ತದೆ. ಬೇಲಿಯೊಂದೇ ಉತ್ತರವಾದರೆ ಜನರಿಗೆ ಆ ನೆಲದ ಮೇಲಿನ ಮಮತೆಯೇ ಕಳೆದುಹೋದೀತು. ಬಳಸುವವನೇ ಕಾಯುವ ಖರ್ಚನ್ನೂ ಹೊರಬೇಕೆಂದು 1971ರಲ್ಲಿ ಇಬ್ಬರು ಎದುರಾಳಿಗಳು ಒಪ್ಪಿದರಲ್ಲ, ಅದು ನಮ್ಮ ಗೋಮಾಳ, ಕೆರೆಯಂಗಳಗಳ ವಿಷಯದಲ್ಲಿಯೂ ಯೋಚಿಸತಕ್ಕ ಮಾತು. ಅಲ್ಲಿರುವ ನನ್ನ ಮಕ್ಕಳೇ, ಬೈಕು ಹತ್ತುವ ಮೊದಲು ನಕ್ಷೆಯನ್ನೊಮ್ಮೆ ನೋಡಿ.