ಮುಂಬಯಿಯಲ್ಲಿ ಕಂಪೆನಿ ವಕೀಲಿ: ಸಂಬಳವೂ ಸ್ವಾತಂತ್ರ್ಯವೂ

ವಕೀಲಿ ವೃತ್ತಿಯೆಂದೊಡನೆ ಜನಸಾಮಾನ್ಯರ ಕಣ್ಣೆದುರು ನಿಲ್ಲುವುದು ನ್ಯಾಯಾಲಯ, ಕರಿಯ ನಿಲುವಂಗಿ, ವಾದ-ಪ್ರತಿವಾದಗಳು. ಆದರೆ ಕಂಪೆನಿಗಳ ಸ್ಥಾಪನೆಗೆ ಬೇಕಾದ ಪತ್ರಗಳನ್ನು ಸಿದ್ಧಪಡಿಸುವುದು, ಕರಾರುಗಳನ್ನು ಬರೆಯುವುದು, ವ್ಯಾಜ್ಯ ಹುಟ್ಟುವ ಮೊದಲೇ ಸಲಹೆ ನೀಡುವುದು ಇದೇ ವೃತ್ತಿಯ ಇನ್ನೊಂದು ಶಾಖೆಯಾಗಿದ್ದು, ಮುಂಬಯಿಯಲ್ಲಿ ಅದು ಒಂದೂವರೆ ಶತಮಾನದಿಂದ ಬೆಳೆದುಬಂದಿದೆ. ಅದರ ಇತಿಹಾಸದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ: ಸಲಹೆ ಕೊಡುವವನು ಸಲಹೆ ಪಡೆಯುವವನಿಂದ ಎಷ್ಟು ದೂರದಲ್ಲಿ ನಿಲ್ಲಬೇಕು?

ಭಾರತದಲ್ಲಿ ಕಂಪೆನಿಗಳ ನೋಂದಣಿಗೆ 1850ರ ಕಾಯಿದೆಯು ಅವಕಾಶ ಕಲ್ಪಿಸಿತು. ಷೇರುದಾರರ ಹೊಣೆ ಅವರ ಷೇರಿನ ಮೊತ್ತಕ್ಕೇ ಸೀಮಿತವೆಂಬ ತತ್ತ್ವವು 1857ರಲ್ಲಿ ಬಂದಿತು. ಬ್ಯಾಂಕುಗಳಿಗೆ ಅದು 1860ರಲ್ಲಿ ಅನ್ವಯವಾಯಿತು. 1862ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸ್ಥಾಪಿತವಾದಾಗ ಅಮೆರಿಕೆಯ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿ, ನಗರದಲ್ಲಿ ಹಣದ ಹೊಳೆಯೇ ಹರಿಯುತ್ತಿದ್ದಿತು. ಕಂಪೆನಿಗಳು ನಾಯಿಕೊಡೆಗಳಂತೆ ಎದ್ದವು. ಯುದ್ಧವು ಮುಗಿದು 1865ರ ಜುಲೈ 1ರಂದು ಷೇರು ಲೆಕ್ಕ ತೀರಿಸುವ ದಿನ ಬಂದಾಗ ಅವುಗಳಲ್ಲಿ ಬಹಳಷ್ಟು ನೆಲಕಚ್ಚಿದವು. ಹಳೆಯ ಬ್ಯಾಂಕ್ ಆಫ್ ಬಾಂಬೆಯೂ 1868ರಲ್ಲಿ ಮುಚ್ಚಿತು. ಕಂಪೆನಿಗಳು ಹುಟ್ಟುವಾಗಲೂ ಸಾಯುವಾಗಲೂ ವಕೀಲರಿಗೆ ಕೆಲಸವಿತ್ತು.

ಅಂದಿನ ಮುಂಬಯಿಯಲ್ಲಿ ಈ ಕೆಲಸವು ಆಂಗ್ಲ ಪದ್ಧತಿಯಂತೆ ಎರಡು ವರ್ಗಗಳಲ್ಲಿ ಹಂಚಿಹೋಗಿತ್ತು. ಉಚ್ಚ ನ್ಯಾಯಾಲಯದ ಮೂಲ ವಿಭಾಗದಲ್ಲಿ ಕಕ್ಷಿದಾರನೊಡನೆ ವ್ಯವಹರಿಸಿ ಪತ್ರಗಳನ್ನು ಸಿದ್ಧಪಡಿಸುವವನು ಅಟಾರ್ನಿ ಅಥವಾ ಸಾಲಿಸಿಟರ್, ವಾದಿಸುವವನು ಬ್ಯಾರಿಸ್ಟರ್. ತ್ಯಾಬ್ಜಿ ಮನೆತನದಲ್ಲಿ ಅಣ್ಣ ಕಮ್ರುದ್ದೀನರು ಸಾಲಿಸಿಟರರಾದರೆ, ತಮ್ಮ ಬದ್ರುದ್ದೀನರು 1867ರಲ್ಲಿ ಈ ನ್ಯಾಯಾಲಯದ ಮೊದಲ ಭಾರತೀಯ ಬ್ಯಾರಿಸ್ಟರರಾದರು. ಕಂಪೆನಿಗಳ ನಿತ್ಯದ ಸಲಹೆಯು ಸಾಲಿಸಿಟರರ ಪಾಲಿನದು. ಹಿರಿಯರ ಕಚೇರಿಯಲ್ಲಿ ಉಮೇದುವಾರಿ ಮಾಡಿ ಕಠಿನ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಹೀಗೆ ಬೆಳೆದವನಿಗೆ ಅನೇಕ ಕಕ್ಷಿದಾರರು. ಅವನು ಯಾರೊಬ್ಬರ ಸಂಬಳಗಾರನೂ ಅಲ್ಲ.

ಇದೇ ಕಾಲದ ಮಂಗಳೂರಿನಲ್ಲಿ ಚಿತ್ರವು ಬೇರೆಯಾಗಿತ್ತು. ಅಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ತಾವೇ ಒಂದು ನಿಧಿಯನ್ನು ಸ್ಥಾಪಿಸಿದರು. ಅದು 1910ರಲ್ಲಿ ಕೆನರಾ ಬ್ಯಾಂಕ್ ಎಂಬ ಕಂಪೆನಿಯಾಯಿತು. ಮುಂಬಯಿಯ ಸಾಲಿಸಿಟರನು ಸಂಸ್ಥೆಯ ಹೊರಗೆ ನಿಂತು ಸಲಹೆಗಾರನಾದರೆ, ಕರಾವಳಿಯ ಈ ವಕೀಲರು ಸ್ವತಃ ಸಂಸ್ಥಾಪಕರಾದರು.

ಆರು ದಶಕಗಳ ಅನಂತರ ಇವೆರಡು ಪರಂಪರೆಗಳು ಒಂದು ಮೊಕದ್ದಮೆಯಲ್ಲಿ ಸಂಧಿಸಿದವು. 1969ರ ಜುಲೈ 19ರಂದು ಕೆನರಾ ಬ್ಯಾಂಕೂ ಸೇರಿ 14 ಬ್ಯಾಂಕುಗಳು ರಾಷ್ಟ್ರೀಕೃತವಾದವು. ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ವಿರೋಧಿಸಿ ವಾದಿಸಿದವರು ನಾನಿ ಪಾಲ್ಖೀವಾಲಾ. 1944ರಲ್ಲಿ ಸರ್ ಜಮ್ಶೆಡ್ಜಿ ಕಾಂಗಾ ಅವರ ಕೊಠಡಿಯನ್ನು ಸೇರಿದ ಅವರು, 1950ರಲ್ಲಿ ಗುರುವಿನೊಡನೆ ಆದಾಯ ತೆರಿಗೆಯ ಪ್ರಮಾಣಗ್ರಂಥವನ್ನು ಹೊರತಂದು ಹೆಸರಾಗಿದ್ದರು. ಕಂಪೆನಿಯು ಸಂವಿಧಾನದ ದೃಷ್ಟಿಯಲ್ಲಿ ನಾಗರಿಕನಲ್ಲವಾದ್ದರಿಂದ ನಾಗರಿಕರ ಹಕ್ಕನ್ನು ಬ್ಯಾಂಕೇ ಕೇಳುವಂತಿರಲಿಲ್ಲ. ಆದುದರಿಂದ ಷೇರುದಾರರಾದ ಆರ್. ಸಿ. ಕೂಪರರ ಹೆಸರಿನಲ್ಲಿ ಅರ್ಜಿ ಬಂದಿತು. 1970ರ ಫೆಬ್ರುವರಿ 10ರಂದು ಹನ್ನೊಂದು ಮಂದಿ ನ್ಯಾಯಮೂರ್ತಿಗಳ ಪೀಠವು ಕಾಯಿದೆಯನ್ನು ಬಹುಮತದಿಂದ ರದ್ದುಗೊಳಿಸಿತು. ಸರಕಾರವು ಅದೇ ವರ್ಷ ಹೊಸ ಕಾಯಿದೆಯ ಮೂಲಕ ಬ್ಯಾಂಕುಗಳನ್ನು ಉಳಿಸಿಕೊಂಡಿತಾದರೂ, ಷೇರುದಾರನು ತನ್ನ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಬಹುದೆಂಬ ತತ್ತ್ವವು ಉಳಿಯಿತು.

ಅಷ್ಟರಲ್ಲಿ ವೃತ್ತಿಯ ಸ್ವರೂಪವೇ ಬದಲಾಗುತ್ತಿತ್ತು. 1956ರ ಕಂಪೆನಿ ಕಾಯಿದೆಯ 658 ಕಲಮುಗಳು ಕಾನೂನು ತಿಳಿದವರ ಅಗತ್ಯವನ್ನು ಹೆಚ್ಚಿಸಿದ್ದವು. 1977ರ ಆರಂಭದಿಂದ ಅಟಾರ್ನಿಗಳ ಪ್ರತ್ಯೇಕ ವರ್ಗವು ಕೊನೆಗೊಂಡಿತು. ಬ್ಯಾಂಕು, ಕಾರಖಾನೆಗಳಲ್ಲಿ ಸಂಬಳದ ಕಾನೂನು ಅಧಿಕಾರಿಗಳು ಬೆಳೆದರು. ಆದರೆ ಪೂರ್ಣಕಾಲಿಕ ಸಂಬಳಗಾರನು ವಕೀಲಿ ನಡೆಸಬಾರದೆಂಬುದು ವಕೀಲರ ಪರಿಷತ್ತಿನ ನಿಯಮ. ಕಕ್ಷಿದಾರನ ಗುಟ್ಟನ್ನು ವಕೀಲನು ಬಯಲು ಮಾಡಬಾರದೆಂದು 1872ರ ಸಾಕ್ಷ್ಯ ಕಾಯಿದೆ ವಿಧಿಸಿತ್ತು. 2024ರ ಜುಲೈಯಲ್ಲಿ ಅದರ ಸ್ಥಾನಕ್ಕೆ ಬಂದ ಕಾಯಿದೆಯಲ್ಲಿಯೂ ಆ ರಕ್ಷಣೆಯಿದೆ. ಅದು ಸಂಬಳದ ಕಾನೂನು ಅಧಿಕಾರಿಗೆ ವಕೀಲನಿಗಿರುವಂತೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಹೇಳಿತು. ಸಂಬಳವನ್ನೇ ನೆಚ್ಚಿದವನ ಸ್ವಾತಂತ್ರ್ಯವು ಸ್ವತಂತ್ರ ವಕೀಲನದಕ್ಕೆ ಸಮವಾಗದೆಂಬುದೇ ಇದರ ಹಿಂದಿನ ತರ್ಕ.

ಇತ್ತ, ನ್ಯಾಯಾಲಯದ ಹೊರಗೆ ಸಲಹೆ ನೀಡುವುದೂ ವಕೀಲಿಯೇ ಎಂದು ಮುಂಬಯಿ ಉಚ್ಚ ನ್ಯಾಯಾಲಯವು 2009ರಲ್ಲಿ ನಿರ್ಣಯಿಸಿತು. ಆದುದರಿಂದ ಉದ್ಯೋಗವನ್ನು ಬಿಟ್ಟು ಸ್ವತಂತ್ರ ಸಲಹೆಗಾರನಾಗುವವನು ವಕೀಲರ ಪಟ್ಟಿಗೆ ಸೇರಿ ಅದರ ಶಿಸ್ತಿಗೂ ಒಳಪಡಬೇಕಾಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸ್ವಾತಂತ್ರ್ಯವು ಸಿದ್ಧಿಸುವುದೂ ಇಲ್ಲ. ಒಂದೇ ಕಂಪೆನಿಯ ಶುಲ್ಕದಿಂದ ಸಂಸಾರ ಸಾಗಿಸುವವನು ಹೆಸರಿಗೆ ವಕೀಲ, ವಸ್ತುತಃ ನೌಕರ. ಹಳೆಯ ಸಾಲಿಸಿಟರನ ಬಲವಿದ್ದುದು ಅವನ ಅನೇಕ ಕಕ್ಷಿದಾರರಲ್ಲಿ; ಅವರಲ್ಲೊಬ್ಬನಿಗೆ “ಇದು ಕೂಡದು” ಎಂದು ಹೇಳಿದರೂ ಅವನ ಕಚೇರಿಯು ಮರುದಿನ ಎಂದಿನಂತೆ ತೆರೆಯುತ್ತಿತ್ತು.