ದತ್ತಾಂಶದ ಆಯುಃಪ್ರಮಾಣ

1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಹೊರತಂದ ರಾಮಾಕ್ ಎಂಬ ಯಂತ್ರವು, ಒಂದರ ಮೇಲೊಂದಾಗಿ ಜೋಡಿಸಿದ 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರಗಳನ್ನು ಹಿಡಿದಿಟ್ಟು, ಬೇಕಾದುದನ್ನು ಬೇಕಾದಾಗ ನೇರವಾಗಿ ತೆಗೆದುಕೊಡುವ ಸೌಕರ್ಯವನ್ನು ಜಗತ್ತಿಗೆ ತೋರಿಸಿತು. ಆದರೆ ಆ ಸೌಕರ್ಯವು ಬಹು ದುಬಾರಿಯಾಗಿದ್ದುದರಿಂದ, ನಿತ್ಯದ ಬಳಕೆಗೆ ಬಾರದ ಲೆಕ್ಕಪತ್ರಗಳು ಅಗ್ಗವೂ ಮಂದಗತಿಯದೂ ಆದ ಟೇಪಿನ ಸುರುಳಿಗಳಲ್ಲಿಯೇ ಉಳಿಯಬೇಕಾಯಿತು. ಯಾವುದನ್ನು ತಟ್ಟೆಯಲ್ಲಿಡಬೇಕು, ಯಾವುದನ್ನು ಸುರುಳಿಗೆ ಇಳಿಸಬೇಕು ಎಂಬ ನಿರ್ಣಯವು ಬಹುಕಾಲ ಮನುಷ್ಯರ ಕೈಯಲ್ಲಿಯೇ ಇದ್ದಿತು. ಸುರುಳಿಗಳಿಗೆ ಚೀಟಿ ಅಂಟಿಸಿ ಕಪಾಟುಗಳಲ್ಲಿ ಕಾಪಾಡಿದ ಆ ಅನಾಮಧೇಯರಿಗೆ ಗಣಕದ ಚರಿತ್ರೆಯಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂದು ನನಗನ್ನಿಸುತ್ತದೆ.

1974ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ 3850 ಎಂಬ ವ್ಯವಸ್ಥೆಯಲ್ಲಿ, ಜೇನುಹಟ್ಟಿನ ಕಣ್ಣುಗಳಂತಹ ಗೂಡುಗಳಿಂದ ಟೇಪಿನ ಪುಟ್ಟ ಕರಂಡಕಗಳನ್ನು ಯಂತ್ರವೇ ಎತ್ತಿ ತಂದು, ಅವುಗಳಲ್ಲಿದ್ದುದನ್ನು ತಟ್ಟೆಗೆ ಏರಿಸುತ್ತಿದ್ದಿತು. ಬಹುದಿನ ಯಾರೂ ಮುಟ್ಟದ ಕಡತವನ್ನು ತಾನಾಗಿ ಗುರುತಿಸಿ ಕೆಳಗಿನ ಶ್ರೇಣಿಗೆ ಇಳಿಸುವ ತಂತ್ರಾಂಶವೂ ಅದೇ ದಶಕದಲ್ಲಿ ಬಂದಿತು.

ಅಮೆಜಾನ್ ಸಂಸ್ಥೆಯು 2006ರ ಮಾರ್ಚ್ ತಿಂಗಳಲ್ಲಿ, ಅಂತರಜಾಲದ ಮೂಲಕ ದತ್ತಾಂಶವನ್ನು ಬಾಡಿಗೆಗೆ ಇರಿಸಿಕೊಳ್ಳುವ ಎಸ್3 ಎಂಬ ಸೇವೆಯನ್ನು ಆರಂಭಿಸಿದ ಮೇಲೆ, ಸ್ಥಳವು ಮುಗಿದೀತೆಂಬ ಚಿಂತೆ ಹೋಗಿ, ತಿಂಗಳು ತಿಂಗಳೂ ಬೆಳೆಯುವ ಬಾಡಿಗೆಯ ಚಿಂತೆ ಬಂದಿತು. ಕಪಾಟು ತುಂಬಿದಾಗ ಹಳೆಯದನ್ನು ತೆಗೆದು ನೋಡುತ್ತಿದ್ದ ಅಭ್ಯಾಸವು, ಎಂದಿಗೂ ತುಂಬದ ಕಪಾಟಿನೆದುರು ಲುಪ್ತವಾದುದು ಸಹಜವೇ. 2011ರ ಡಿಸೆಂಬರಿನಲ್ಲಿ, ಗೊತ್ತುಪಡಿಸಿದ ದಿನಗಳು ತುಂಬಿದೊಡನೆ ಅಲ್ಲಿಟ್ಟ ಕಡತವನ್ನು, ಅಂದರೆ ಆ ಸೇವೆಯ ಮಾತಿನಲ್ಲಿ ‘ವಸ್ತು’ವನ್ನು, ಅಳಿಸುವ ನಿಯಮವು ಜಾರಿಗೆ ಬಂದಿತು. ಮರುವರ್ಷದ ಆಗಸ್ಟಿನಲ್ಲಿ, ಗಿಗಾಬೈಟಿಗೆ ತಿಂಗಳಿಗೊಂದು ಸೆಂಟಿನ ದರದಲ್ಲಿ, ಮರಳಿ ಪಡೆಯಲು ಮೂರರಿಂದ ಐದು ಗಂಟೆ ಕಾಯಬೇಕಾಗಿದ್ದ ಗ್ಲೇಸಿಯರ್ ಎಂಬ ಶೀತಸಂಗ್ರಹವೂ, ನವೆಂಬರಿನಲ್ಲಿ ವಸ್ತುಗಳನ್ನು ಅಲ್ಲಿಗೆ ತಾನಾಗಿ ಸಾಗಿಸುವ ನಿಯಮವೂ ಬಂದುವು. ಇಂತಹ ಹೆಸರಿನಿಂದ ಮೊದಲಾಗುವ ಲಾಗ್‌ಗಳು 30 ದಿನಗಳಾದ ಮೇಲೆ ಗ್ಲೇಸಿಯರಿಗೆ ಹೋಗತಕ್ಕದ್ದು, 365 ದಿನಗಳಾದ ಮೇಲೆ ಅಳಿಯತಕ್ಕದ್ದು ಎಂದು ಒಮ್ಮೆ ಬರೆದಿಟ್ಟರೆ ಮುಗಿಯಿತು. ಅವಧಿಯನ್ನು ಜಾಗತಿಕ ಕಾಲಮಾನದ ಮಧ್ಯರಾತ್ರಿಗೆ, ಅಂದರೆ ನಮ್ಮಲ್ಲಿ ಬೆಳಗಿನ ಐದೂವರೆಗೆ, ಹೊಂದಿಸಿ ಎಣಿಸುತ್ತಾರೆ.

ಈ ನಿಯಮವು ನೋಡುತ್ತಿದ್ದುದು ವಸ್ತು ಹುಟ್ಟಿದ ದಿನವನ್ನು ಮಾತ್ರ. ನಿನ್ನೆ ತಾನೆ ಯಾರೋ ಓದಿದ ದಾಖಲೆಯೂ ವಯಸ್ಸಾಯಿತೆಂಬ ಒಂದೇ ಕಾರಣದಿಂದ ದೂರವಾಗುತ್ತಿದ್ದಿತು. 1970ರ ದಶಕದ ತಂತ್ರಾಂಶಕ್ಕೆ ತಿಳಿದಿದ್ದ ವಿವೇಕವನ್ನು ಹೊಸ ಕಾಲವು ಹೀಗೆ ಕೆಲಕಾಲ ಬಿಟ್ಟುಕೊಟ್ಟಿತೆಂದೇ ನನ್ನ ಅಭಿಪ್ರಾಯ. 2018ರ ನವೆಂಬರಿನಲ್ಲಿ, 30 ದಿನ ಯಾರೂ ಮುಟ್ಟದ ವಸ್ತುವನ್ನು ಅಗ್ಗದ ಶ್ರೇಣಿಗೆ ಇಳಿಸಿ, ಮುಟ್ಟಿದೊಡನೆ ಮೇಲಕ್ಕೆ ತರುವ ಇಂಟೆಲಿಜೆಂಟ್ ಟಿಯರಿಂಗ್ ಎಂಬ ಸೌಕರ್ಯವು ಎಸ್3ಗೆ ಬಂದ ಮೇಲೆ ಆ ಕೊರತೆ ಬಹುಮಟ್ಟಿಗೆ ನೀಗಿತು. ಆದರೆ ಅದು ತಾನಾಗಿ ಯಾವುದನ್ನೂ ಅಳಿಸುವುದಿಲ್ಲ. ಅಳಿಸುವ ದಿನವನ್ನು ಇಂದಿಗೂ ಮನುಷ್ಯನೇ ಬರೆದಿಡಬೇಕು.