ಗುಂಡಿಗಲ್ಲದ ಕೋವಿ

ಕೊಡಗಿನ ಮನೆಗಳಲ್ಲಿರುವ ಹಳೆಯ ಕೋವಿಗಳನ್ನು ನೋಡಿ ಟಿಪ್ಪಣಿ ಮಾಡಿಕೊಳ್ಳುವುದು ನನ್ನ ಪಿಎಚ್.ಡಿ. ಕೆಲಸದ ಒಂದು ಭಾಗ. ಕಳೆದ ವರ್ಷ ಕೈಲ್‌ಪೊಳ್ದ್ ಹಬ್ಬಕ್ಕೆ ಎರಡು ವಾರವಿದ್ದಾಗ ಅಲ್ಲಿನ ಗೆಳೆಯನೊಬ್ಬ ಫೋನ್ ಮಾಡಿದ. ವಿದೇಶದಲ್ಲಿರುವ ಅವನ ಅಣ್ಣ 12 ಬೋರಿನ ಚೋಕ್ ಟ್ಯೂಬೊಂದನ್ನು ತಂದಿದ್ದರಂತೆ. "ಅಜ್ಜನ ಜೋಡುನಳಿಗೆಗೆ ಇದು ಕೂರುತ್ತಾ ನೋಡು. ಕೂರದಿದ್ರೆ ಲೇತ್‌ನಲ್ಲಿ ಥ್ರೆಡ್ ಹಾಕಿಸ್ತೀವಿ. ಈ ಸಲ ತೆಂಗಿನಕಾಯಿಗೆ ಇದರಲ್ಲೇ ಈಡು." ಏನೂ ಮಾಡಿಸಬೇಡಿ, ನಾನೇ ಬರ್ತೀನಿ ಅಂದೆ.

ಚೋಕ್ ಎಂದರೆ ನಳಿಗೆಯ ತುದಿಯನ್ನು ತುಸು ಕಿರಿದು ಮಾಡುವುದು. ಚರೆಗಳು ಬೇಗ ಚದುರದೆ ದೂರದವರೆಗೆ ಒತ್ತಾಗಿ ಹೋಗುತ್ತವೆ. ಫುಲ್ ಚೋಕ್ ಎಂದರೂ ಕಿರಿದಾಗುವುದು ಒಂದು ಮಿಲಿಮೀಟರಿನಷ್ಟೇ. ಇಂಗ್ಲೆಂಡಿನ ನ್ಯೂಕಾಸಲ್‌ನ ಪೇಪ್ 1866ರಲ್ಲೂ ಅಮೆರಿಕದ ರೋಪರ್ 1868ರಲ್ಲೂ ಇದಕ್ಕೆ ಪೇಟೆಂಟ್ ಪಡೆದರು. ರೋಪರನದು ತಿರುಗಿಸಿ ಬಿಚ್ಚಬಹುದಾದ ತುಂಡು! ಆದರೆ 1870ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಗ್ರೀನರ್ ಜನಪ್ರಿಯಗೊಳಿಸಿದ್ದು ನಳಿಗೆಯೊಳಗೇ ಕೊರೆದ ಚೋಕನ್ನು. ಮುಂದಿನ ನೂರು ವರ್ಷ ಬಹುಪಾಲು ಕೋವಿಗಳು ಬಂದದ್ದು ಹಾಗೆಯೇ. 1970ರ ಆಸುಪಾಸಿನಲ್ಲಿ ವಿಂಚೆಸ್ಟರ್ ಕಂಪನಿ ವಿಂಚೋಕ್ ತಂದ ಮೇಲೆ ಬದಲಾಯಿಸುವ ಟ್ಯೂಬು ಮಾಮೂಲಾಯಿತು. ಅಲ್ಲಿಂದಲೇ ಗೊಂದಲವೂ ಶುರು. ಬ್ರೌನಿಂಗಿನ ಹಳೆಯ ಇನ್ವೆಕ್ಟರ್ ಟ್ಯೂಬಿನ ಥ್ರೆಡ್ಡು ವಿಂಚೋಕಿಗೆ ಹೊಂದುತ್ತದೆ. ಅದೇ ಬ್ರೌನಿಂಗಿನ ಇನ್ವೆಕ್ಟರ್ ಪ್ಲಸ್ ಹೊಂದುವುದಿಲ್ಲ. ಬೆರೆಟ್ಟಾದ ಮೊಬಿಲ್‌ಚೋಕ್ ಇನ್ನೊಂದೇ ಜಾತಿ. '12 ಬೋರ್' ಎಂಬ ಹೆಸರನ್ನು ನಂಬಿದರೆ ಕೆಟ್ಟೆವು. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದರ ಅಗಲ ಸುಮಾರು 18.5 ಮಿ.ಮೀ.; ಆ ಸಂಖ್ಯೆ ಹೇಳುವುದು ಅಷ್ಟನ್ನೇ, ಥ್ರೆಡ್ಡಿನ ಮಾತು ಅದರಲ್ಲಿಲ್ಲ.

ಅಜ್ಜ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ತಂದರು. "ಚಿಕ್ಕವೀರರಾಜರು ನಮ್ಮ ಮನೆಗೆ ಕೊಟ್ಟದ್ದು ಮಗಾ, ಬರ್ಕೋ" ಎಂದರು. ನಳಿಗೆ ಕಳಚಿ ತಿರುವಿ ಹಾಕಿದೆ. ಬಾಯಲ್ಲಿ ಥ್ರೆಡ್ಡಿನ ಸುಳಿವೂ ಇಲ್ಲ. ಲೋಹ ಅದೆಷ್ಟು ತೆಳುವೆಂದರೆ ಥ್ರೆಡ್ ಕೊರೆದರೆ ಉಳಿಯುವುದು ತಗಡು. ಕೆಳಬದಿಯಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ, ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು: 'ನಾಟ್ ಫಾರ್ ಬಾಲ್'. ಗುಂಡಿಗಲ್ಲ. ಚೋಕ್ ಕೊರೆದ ನಳಿಗೆಯಲ್ಲಿ ಒಂಟಿ ಗುಂಡು ಹಾರಿಸಿದರೆ ತುದಿಯಲ್ಲಿ ಸಿಕ್ಕಿ ನಳಿಗೆ ಒಡೆದೀತೆಂದು 1875ರಿಂದ 1887ರವರೆಗೆ ಹೀಗೆ ಒತ್ತುತ್ತಿದ್ದರು. ಆಮೇಲೆ ಬಂದದ್ದು 'ಚೋಕ್' ಎಂಬ ಒಂದೇ ಪದ.

ಅಂದರೆ ಗೆಳೆಯ ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು: ಇದಕ್ಕೆ ಯಾವ ಟ್ಯೂಬೂ ಇಲ್ಲ, ಚೋಕ್ ಆಗಲೇ ಒಳಗಿದೆ. ತೆಂಗಿನಕಾಯಿಗೆ ಗುಂಡು ಹಾಕುವಂತೆಯೂ ಇಲ್ಲ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತೂ ಇರಲಿಲ್ಲವಾದ್ದರಿಂದ ಇಂದಿನ ಅಂಗಡಿಯ ಚರೆ ತೋಟೆಯೂ ಬೇಡ. ಇದನ್ನೆಲ್ಲ ಹೇಳುವುದು ಸುಲಭವಿತ್ತು.

ಕಷ್ಟವಾದದ್ದು ಇನ್ನೊಂದು. ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿದ್ದು 1834ರಲ್ಲಿ. ಈ ನಳಿಗೆಗೆ ಮುದ್ರೆ ಬಿದ್ದದ್ದು ಅದಾಗಿ ಕನಿಷ್ಠ 41 ವರ್ಷಕ್ಕೆ. ಕೊಡಗರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಸಿಕ್ಕಿದ್ದೂ 1861ರಲ್ಲಿ, ಇದು ಅದಕ್ಕೂ ಈಚಿನದು. ಬಾಯಿಮಾತಿನ ಇತಿಹಾಸದ ಪರ ಸೆಮಿನಾರುಗಳಲ್ಲಿ ಗಂಟೆಗಟ್ಟಲೆ ವಾದಿಸಿದವನು ನಾನು. ಅಜ್ಜನ ಎದುರು ಲೆನ್ಸ್ ಹಿಡಿದು ಕುಳಿತಾಗ ಗಂಟಲು ಒಣಗಿತು. ಆದರೂ ಹೇಳಿದೆ, ಅಕ್ಷರಗಳನ್ನು ತೋರಿಸಿಯೇ ಹೇಳಿದೆ.

ಅವರು ಲೆನ್ಸ್ ಇಸಿದುಕೊಂಡು ತಾವೇ ಓದಿದರು. ಬಹಳ ಹೊತ್ತು ಮಾತಾಡಲಿಲ್ಲ.

"ಹಾಗಾದ್ರೆ ರಾಜರು ಕೊಟ್ಟದ್ದು ಬೇರೆ ಇತ್ತು" ಎಂದರು. "ಅದು ಎಲ್ಲಿ ಹೋಯ್ತು, ಅದನ್ನ ಹುಡುಕು."

ಹಬ್ಬದ ದಿನ ತೆಂಗಿನಕಾಯಿಗೆ ಪಕ್ಕದ ಮನೆಯ ಕೋವಿಯಲ್ಲಿ ಈಡು ಹೊಡೆದರು. ಅಜ್ಜನ ಕೋವಿ ಪೂಜೆಗೆ ಕೂತಿತ್ತು, ನಳಿಗೆಯ ಬಾಯಲ್ಲಿ ತೋಕ್‌ಪೂವು.